ಮನವಿ ಪತ್ರದ ಆಚೆಗೆ: ಜನಪ್ರತಿನಿಧಿಗಳೊಂದಿಗೆ ಯುವಜನರ ಸಂವಾದ ಏರ್ಪಡಿಸುವವರಿಗೆ ಮಾರ್ಗದರ್ಶಿ

"ನಮ್ಮ ಊರಿನ ಹುಡುಗ ಹುಡುಗಿಯರನ್ನು ಶಾಸಕರ ಎದುರು ಕೂರಿಸಿ ಮುಂದಿನ ಹತ್ತು ಹದಿನೈದು ವರ್ಷಗಳ ಬಗ್ಗೆ ಮಾತನಾಡಿಸಬೇಕೆಂದಿದ್ದೇವೆ, ಎಲ್ಲಿಂದ ಆರಂಭಿಸಬೇಕು?" ಎಂಬ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಹೀಗೆ ಕೇಳುವವರಲ್ಲಿ ಕಾಲೇಜು ಉಪನ್ಯಾಸಕರು, ಯುವಕ ಸಂಘದವರು, ಗ್ರಾಮ ಪಂಚಾಯತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಮೇಲ್ವಿಚಾರಕರು ಮತ್ತು ಒಮ್ಮೆಯೂ ಮತ ಹಾಕದ ವಿದ್ಯಾರ್ಥಿಗಳು ಇದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಕರ್ನಾಟಕದ ಒಂದು ಹಳ್ಳಿ ಅಥವಾ ತಾಲ್ಲೂಕು ಕೇಂದ್ರದ ಮಟ್ಟದಲ್ಲಿ ಇಂಥ ಸಂವಾದವನ್ನು ನಡೆಸುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲಿಗೆ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಮ್ಮಲ್ಲಿ ರಾಜಕೀಯ ನಾಯಕರೊಂದಿಗೆ ಜನ ಮಾತನಾಡುವ ಪರಿಚಿತ ರೂಪವೆಂದರೆ ಮನವಿ ಪತ್ರ. ಹತ್ತು ಜನ ಸೇರಿ ಬೇಡಿಕೆಯನ್ನು ಬರೆದು ಕೈಗೆ ಕೊಡುತ್ತಾರೆ, ಭಾವಚಿತ್ರ ತೆಗೆಯುತ್ತಾರೆ, "ಪರಿಶೀಲಿಸುತ್ತೇನೆ" ಎಂಬ ಮಾತಿನೊಂದಿಗೆ ಎಲ್ಲರೂ ಹೊರಡುತ್ತಾರೆ. ಮನವಿಗೂ ಅದರದೇ ಆದ ಸ್ಥಾನವಿದೆ, ಆದರೆ ಅಲ್ಲಿ ಕೇಳುವವನು ಕೆಳಗಿರುತ್ತಾನೆ, ಕೊಡುವವನು ಮೇಲಿರುತ್ತಾನೆ. ಸಂವಾದದಲ್ಲಿ ಎರಡೂ ಕಡೆಯವರು ಒಂದೇ ಮಾಹಿತಿಯನ್ನು ಮುಂದಿಟ್ಟುಕೊಂಡು, ಒಂದು ನಿರ್ಧಾರದ ಸಾಧಕ ಬಾಧಕಗಳನ್ನು ಮಾತನಾಡಿ, ಯಾರು ಏನನ್ನು ಯಾವಾಗ ಮಾಡುತ್ತಾರೆಂಬುದನ್ನು ಬರೆದುಕೊಂಡು ಏಳಬೇಕು. ಅದು ಸಾಧ್ಯವಾಗುವುದು ಸಭೆಗೆ ಮುಂಚಿನ ಎರಡು ತಿಂಗಳ ತಯಾರಿ ಮತ್ತು ಸಭೆಯ ನಂತರದ ಆರು ತಿಂಗಳ ಬೆನ್ನುಹತ್ತುವಿಕೆಯಿಂದ. ಸಭೆ ನಡೆಯುವ ಒಂದೂವರೆ ಗಂಟೆ ಇಡೀ ಕೆಲಸದ ಸಣ್ಣ ಭಾಗ ಮಾತ್ರ, ಮತ್ತು ಹೆಚ್ಚಿನವರು ಸೋಲುವುದು ಆ ಭಾಗಕ್ಕೇ ತಮ್ಮ ಶಕ್ತಿಯನ್ನೆಲ್ಲ ಸುರಿಯುವುದರಿಂದ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಜವಾಬ್ದಾರಿ ಹೊರುವ ಆರೇಳು ಜನರ ತಂಡ (ಅದರಲ್ಲಿ ಕನಿಷ್ಠ ಅರ್ಧದಷ್ಟು 25 ವರ್ಷದೊಳಗಿನವರು), ಎರಡರಿಂದ ಮೂರು ತಿಂಗಳ ಸಮಯ, ಕುಳಿತು ಮಾತನಾಡಲು ಒಂದು ಜಾಗ ಮತ್ತು ದಪ್ಪ ರಟ್ಟಿನ ಒಂದು ನೋಟುಪುಸ್ತಕ. ಆ ಪುಸ್ತಕದ ಮಾತು ಕೊನೆಯವರೆಗೂ ಬರುತ್ತದೆ.

ಹಂತ 1: ಯಾರೊಂದಿಗೆ ಮಾತನಾಡಬೇಕೆಂದು ನಿರ್ಧರಿಸುವುದು

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ. ಊರಿನ ಯಾವುದೇ ತೊಂದರೆಯಿರಲಿ, "ಶಾಸಕರನ್ನು ಕರೆಸೋಣ" ಎನ್ನುವುದು ನಮ್ಮ ರೂಢಿ. ಆದರೆ ನಿಮ್ಮ ಪ್ರಶ್ನೆಯ ಉತ್ತರ ಯಾರ ಕೈಯಲ್ಲಿದೆಯೋ ಅವರು ಎದುರಿಗಿಲ್ಲದಿದ್ದರೆ ಸಭೆ ಎಷ್ಟೇ ಚೆನ್ನಾಗಿ ನಡೆದರೂ ಸಿಗುವುದು "ಸಂಬಂಧಪಟ್ಟವರಿಗೆ ತಿಳಿಸುತ್ತೇನೆ" ಎಂಬ ಮಾತಷ್ಟೇ.

ಬೀದಿದೀಪ, ಊರೊಳಗಿನ ರಸ್ತೆ, ಕುಡಿಯುವ ನೀರಿನ ಪೂರೈಕೆ, ಕಸ ವಿಲೇವಾರಿ, ಅರಿವು ಕೇಂದ್ರ ಇವು ಗ್ರಾಮ ಪಂಚಾಯತಿಯ ಅಂಗಳಕ್ಕೆ ಸೇರಿದ ವಿಷಯಗಳು. ಅಲ್ಲಿ ಅಧ್ಯಕ್ಷರು, ವಾರ್ಡಿನ ಸದಸ್ಯರು ಮತ್ತು ಪಿಡಿಒ, ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಸಾಕು. ಕೆರೆಯ ವಿಷಯ ಸ್ವಲ್ಪ ಜಟಿಲವಾಗಿದೆ. ಕೆರೆಯ ನೀರಿನಿಂದ ಬೇಸಾಯವಾಗುವ ಭೂಮಿಗೆ ಅಚ್ಚುಕಟ್ಟು ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿರುವ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಉಸ್ತುವಾರಿಯಲ್ಲಿದ್ದರೆ, 40ರಿಂದ 2,000 ಹೆಕ್ಟೇರಿನವರೆಗಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಹೂಳೆತ್ತುವ ಬಗ್ಗೆ ಕೇಳುವ ಮೊದಲು ನಿಮ್ಮ ಕೆರೆಯ ಅಚ್ಚುಕಟ್ಟು ಎಷ್ಟು ಎಂದು ತಿಳಿದಿರಬೇಕು. ಬಸ್ಸಿನ ವೇಳಾಪಟ್ಟಿಯ ಪ್ರಸ್ತಾವ ನಿಮ್ಮ ಭಾಗದ ಸಾರಿಗೆ ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಯ ಕಚೇರಿಯಲ್ಲಿ ಇತ್ಯರ್ಥವಾಗುತ್ತದೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ವಾಯವ್ಯ ನಿಗಮಕ್ಕೂ ಕಲಬುರಗಿಯಲ್ಲಿರುವ ಕಲ್ಯಾಣ ಕರ್ನಾಟಕ ನಿಗಮಕ್ಕೂ ವ್ಯಾಪ್ತಿ ಬೇರೆ ಬೇರೆ ಎಂಬುದನ್ನು ಗಮನಿಸಿ. ಸರ್ಕಾರಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕರ ಕೊರತೆ ರಾಜ್ಯ ಸರ್ಕಾರದ ವಿಷಯ. ರೈಲು ಮತ್ತು ರಾಷ್ಟ್ರೀಯ ಹೆದ್ದಾರಿಯ ಮಾತನ್ನು ಲೋಕಸಭಾ ಸದಸ್ಯರೊಂದಿಗೆ ಆಡಬೇಕು.

ಶಾಸಕರನ್ನು ಕರೆಯುವುದಾದರೆ ಅವರ ಕೈಯಲ್ಲಿ ನಿಜವಾಗಿ ಇರುವ ಮೂರು ಸಾಧನಗಳನ್ನು ತಿಳಿದುಕೊಳ್ಳಿ. ಮೊದಲನೆಯದು ಸದನದಲ್ಲಿ ಪ್ರಶ್ನೆ ಕೇಳುವ ಹಕ್ಕು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನ ಉತ್ತರ ಕೊಡಬೇಕು, ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಎರಡನೆಯದು ಕೆಡಿಪಿ ಸಭೆ. ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ ಪ್ರಗತಿ ಪರಿಶೀಲನಾ ಸಭೆಗೆ ಈ ಹೆಸರಿದ್ದು, ತಾಲ್ಲೂಕು ಮಟ್ಟದಲ್ಲಿ ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುವ ಅದರಲ್ಲಿ ಎಲ್ಲ ಇಲಾಖೆಗಳ ಅಧಿಕಾರಿಗಳು ಉತ್ತರ ಹೇಳಬೇಕಾಗುತ್ತದೆ. ಮೂರನೆಯದು ವರ್ಷಕ್ಕೆ 2 ಕೋಟಿ ರೂಪಾಯಿಯ ಶಾಸಕರ ಪ್ರದೇಶಾಭಿವೃದ್ಧಿ ನಿಧಿ. ಸಂಸದರಿಗೆ ಇಂಥದೇ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ ಇದೆ, ಆದರೆ ಅದು ಬಾಳಿಕೆ ಬರುವ ಸಾರ್ವಜನಿಕ ಆಸ್ತಿಗಳನ್ನು ನಿರ್ಮಿಸಲು ಮೀಸಲು. ಅದರಲ್ಲಿ ಅತಿಥಿ ಉಪನ್ಯಾಸಕರಿಗೆ ಸಂಬಳ ಕೊಡಿ ಎಂದು ಕೇಳಿದರೆ, ಕೇಳಿದವರ ಉಳಿದ ಪ್ರಶ್ನೆಗಳ ತೂಕವೂ ಇಳಿಯುತ್ತದೆ.

ಇನ್ನೊಂದು ಎಚ್ಚರಿಕೆ ಅಗತ್ಯ. ನೀವು ಮಾತನಾಡಬೇಕೆಂದಿರುವ ಚುನಾಯಿತ ಸಂಸ್ಥೆ ಸದ್ಯ ಅಸ್ತಿತ್ವದಲ್ಲಿದೆಯೇ ಎಂದು ನೋಡಿಕೊಳ್ಳಿ. ರಾಜ್ಯದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಬೆಂಗಳೂರಿನ ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ನಂತರವೂ ಹೀಗೆಯೇ ಆಯಿತು. ಹದಿನೆಂಟು ತುಂಬಿದ ಸಾವಿರಾರು ಮಕ್ಕಳು ಈ ಅವಧಿಯಲ್ಲಿ ತಮ್ಮ ಅತಿ ಹತ್ತಿರದ ಜನಪ್ರತಿನಿಧಿಯನ್ನು ನೋಡದೆಯೇ ಮತದಾರರಾದರು. ನನ್ನ ದೃಷ್ಟಿಯಲ್ಲಿ ಇದು ಸಣ್ಣ ನಷ್ಟವಲ್ಲ. "ನಮ್ಮ ಸ್ಥಳೀಯ ಸಂಸ್ಥೆಗೆ ಚುನಾವಣೆ ಏಕೆ ನಡೆದಿಲ್ಲ, ಅದಕ್ಕಾಗಿ ನೀವೇನು ಮಾಡಿದ್ದೀರಿ?" ಎಂಬುದೇ ಶಾಸಕರೆದುರು ಇಡಬಹುದಾದ ಗಂಭೀರ ಪ್ರಶ್ನೆಯಾಗುತ್ತದೆ.

ಹಂತ 2: ಯುವಜನರನ್ನು ಸೇರಿಸುವುದು

ಇಪ್ಪತ್ತೈದರಿಂದ ನಲವತ್ತು ಜನ ಸಾಕು. ಮುನ್ನೂರು ಜನ ಸೇರಿದರೆ ಅದು ಸಮಾವೇಶವಾಗುತ್ತದೆ, ಸಂವಾದವಾಗುವುದಿಲ್ಲ.

ಸಾಮಾನ್ಯವಾಗಿ ಸಂಘಟಕರು ಕಾಲೇಜಿಗೆ ಹೋಗಿ "ಚೆನ್ನಾಗಿ ಮಾತನಾಡುವ ಹತ್ತು ಮಕ್ಕಳನ್ನು ಕಳಿಸಿ" ಎನ್ನುತ್ತಾರೆ. ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಗೆದ್ದ ಮಕ್ಕಳು ಬರುತ್ತಾರೆ, ನಿರರ್ಗಳವಾಗಿ ಮಾತನಾಡುತ್ತಾರೆ, ಆದರೆ ಊರಿನ ಅರ್ಧದಷ್ಟು ಯುವಜನರ ಬದುಕು ಆ ಮಾತಿನಲ್ಲಿ ಇರುವುದಿಲ್ಲ. ಹತ್ತನೇ ತರಗತಿಗೆ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಹೋಗುವ ಹುಡುಗ, ಬೆಳಗಿನ ಜಾವ ಗಾರ್ಮೆಂಟ್ಸ್ ಕಾರ್ಖಾನೆಯ ವ್ಯಾನು ಹತ್ತುವ ಹುಡುಗಿ, ತಾಂಡಾದಲ್ಲಿ ಅಪ್ಪ ಅಮ್ಮ ಗುಳೆ ಹೋದಾಗ ತಮ್ಮಂದಿರನ್ನು ನೋಡಿಕೊಳ್ಳುವವಳು, ಗಾಲಿಕುರ್ಚಿಯಲ್ಲಿರುವವನು, ದಲಿತ ಕೇರಿಯಿಂದ ಮೊದಲ ಸಲ ಪದವಿಗೆ ಸೇರಿದವಳು ಇವರೆಲ್ಲ ಪಟ್ಟಿಯಲ್ಲಿ ಇರುವಂತೆ ನೀವೇ ನೋಡಿಕೊಳ್ಳಬೇಕು, ಏಕೆಂದರೆ ಊರ ಮಧ್ಯದ ಫಲಕದ ಮೇಲೆ ಅಂಟಿಸಿದ ಕರಪತ್ರ ಇವರನ್ನು ತಲುಪುವುದಿಲ್ಲ. ಕೇರಿಗೆ, ತಾಂಡಾಕ್ಕೆ, ಹಾಡಿಗೆ ನೀವೇ ಹೋಗಿ ಅಲ್ಲಿಯೇ ಎಂಟು ಹತ್ತು ಜನರ ಸಣ್ಣ ಸಭೆ ಮಾಡಿ. ತಮ್ಮ ಜಾಗದಲ್ಲಿ ಒಮ್ಮೆ ಮಾತನಾಡಿದವರು ದೊಡ್ಡ ಸಭೆಯಲ್ಲಿಯೂ ಬಾಯಿ ತೆರೆಯುತ್ತಾರೆ. ಕೆಲಸಕ್ಕಾಗಿ ಬೆಂಗಳೂರು, ಮಂಗಳೂರು, ಪುಣೆಗಳಿಗೆ ಹೋಗಿರುವವರನ್ನೂ ಮರೆಯಬೇಡಿ. ಅವರಲ್ಲಿ ನಾಲ್ಕೈದು ಜನರಿಗೆ ಫೋನ್ ಮಾಡಿ "ಏನಿದ್ದಿದ್ದರೆ ಊರಲ್ಲೇ ಉಳಿಯುತ್ತಿದ್ದೆ?" ಎಂದು ಕೇಳಿ, ಉತ್ತರವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಊರಿನ ಭವಿಷ್ಯದ ಬಗ್ಗೆ ಅತ್ಯಂತ ಖಚಿತವಾದ ಮಾತು ಅನೇಕ ಸಲ ಊರು ಬಿಟ್ಟವರಿಂದಲೇ ಸಿಗುತ್ತದೆ.

ಹದಿನೆಂಟು ವರ್ಷದೊಳಗಿನವರು ಭಾಗವಹಿಸುವುದಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ಮತ್ತು ಅವರ ಭಾವಚಿತ್ರ ಹಾಗೂ ಹೆಸರನ್ನು ಒಪ್ಪಿಗೆಯಿಲ್ಲದೆ ಎಲ್ಲಿಯೂ ಹಾಕಬಾರದು. ಚುನಾವಣಾ ಪ್ರಚಾರದಲ್ಲಿ ಮಕ್ಕಳನ್ನು ಯಾವುದೇ ರೂಪದಲ್ಲಿ ಬಳಸಬಾರದೆಂದು ಭಾರತದ ಚುನಾವಣಾ ಆಯೋಗ 2024ರ ಫೆಬ್ರುವರಿಯಲ್ಲಿ ಕಟ್ಟುನಿಟ್ಟಿನ ನಿರ್ದೇಶನ ನೀಡಿದೆ. ಆದ್ದರಿಂದ ಪಕ್ಷದ ಧ್ವಜ, ಶಾಲು, ಘೋಷಣೆ, ಚಿಹ್ನೆಯಿರುವ ಫಲಕ ಯಾವುದೂ ಸಭೆಯ ಆವರಣದೊಳಗೆ ಬರದಂತೆ ಮೊದಲೇ ಷರತ್ತು ಹಾಕಿ. ಇನ್ನು ವಯಸ್ಕ ಯುವಜನರಲ್ಲಿ ಪಕ್ಷಗಳ ಕಾರ್ಯಕರ್ತರು ಇದ್ದೇ ಇರುತ್ತಾರೆ. ಅವರನ್ನು ಹೊರಗಿಡುವ ಅಗತ್ಯವಿಲ್ಲ, ಆದರೆ ಒಂದೇ ಪಕ್ಷದವರು ತುಂಬಿಕೊಂಡರೆ ಉಳಿದವರು ಮೌನವಾಗುತ್ತಾರೆ.

ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಪ್ರತ್ಯೇಕ ದಾರಿಯೊಂದು ಇದೆ. ಗ್ರಾಮ ಸಭೆಯೆಂದರೆ ಮತದಾರರ ಸಭೆ, ಅಲ್ಲಿ ಹದಿನೆಂಟರ ಕೆಳಗಿನವರು ಸದಸ್ಯರಲ್ಲ. ಅವರಿಗಾಗಿ ಗ್ರಾಮ ಪಂಚಾಯತಿಗಳು ಮಕ್ಕಳ ಗ್ರಾಮ ಸಭೆಯನ್ನು, ಸಾಮಾನ್ಯವಾಗಿ ನವೆಂಬರ್ ತಿಂಗಳಿನಿಂದ ಆರಂಭಿಸಿ, ನಡೆಸುತ್ತವೆ. ಇದರ ಬೇರು ಕುಂದಾಪುರ ತಾಲ್ಲೂಕಿನಲ್ಲಿದೆ ಎಂಬುದನ್ನು ಹೆಮ್ಮೆಯಿಂದ ನೆನೆಯಬೇಕು. 1990ರ ದಶಕದಲ್ಲಿ ಅಲ್ಲಿ ದುಡಿಯುವ ಮಕ್ಕಳ ಭೀಮ ಸಂಘ ಮತ್ತು ಮಕ್ಕಳ ಪಂಚಾಯತಿಗಳು ತಮ್ಮ ಊರಿನ ಮಾಹಿತಿಯನ್ನು ತಾವೇ ಸಂಗ್ರಹಿಸಿ ಹಿರಿಯರ ಪಂಚಾಯತಿಯ ಮುಂದಿಟ್ಟವು. ನಿಮ್ಮ ಪಂಚಾಯತಿಯಲ್ಲಿ ಕಳೆದ ವರ್ಷ ಮಕ್ಕಳ ಗ್ರಾಮ ಸಭೆ ನಡೆದಿದ್ದರೆ ಅದರ ನಡಾವಳಿಯನ್ನು, ಎಂದರೆ ಸಭೆಯಲ್ಲಿ ಆದ ಚರ್ಚೆ ಮತ್ತು ತೀರ್ಮಾನಗಳ ಅಧಿಕೃತ ದಾಖಲೆಯನ್ನು, ಪಡೆದು ಓದಿ. ಮಕ್ಕಳು ಕೇಳಿದ ಎಷ್ಟು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದೆ ಎಂದು ಎಣಿಸುವುದರಿಂದಲೇ ನಿಮ್ಮ ಸಂವಾದ ಆರಂಭವಾಗಬಹುದು.

ಹಂತ 3: ವಿಷಯವನ್ನು ಪ್ರಶ್ನೆಯಾಗಿಸುವುದು

ಸಣ್ಣ ಸಭೆಗಳಲ್ಲಿ ಬಂದ ಮಾತುಗಳನ್ನೆಲ್ಲ ಚೀಟಿಗಳಲ್ಲಿ ಬರೆದು ನೆಲದ ಮೇಲೆ ಹರಡಿ, ಒಂದೇ ಬಗೆಯವನ್ನು ಒಟ್ಟುಗೂಡಿಸಿ, ಕೊನೆಗೆ ಮೂರು ವಿಷಯಗಳನ್ನು ಮಾತ್ರ ಉಳಿಸಿಕೊಳ್ಳಬೇಕು. ಮೂರಕ್ಕಿಂತ ಹೆಚ್ಚಾದರೆ ಯಾವುದರ ಆಳಕ್ಕೂ ಇಳಿಯಲಾಗುವುದಿಲ್ಲ, ಮತ್ತು ಎದುರಿಗಿರುವವರು ಸುಲಭವಾದ ಒಂದಕ್ಕೆ ವಿಸ್ತಾರವಾದ ಉತ್ತರ ಕೊಟ್ಟು ಕಷ್ಟದ ಉಳಿದವನ್ನು ದಾಟಿಬಿಡುತ್ತಾರೆ.

ಆಯ್ಕೆಗೆ ನಾನು ಸೂಚಿಸುವ ಅಳತೆಗೋಲು ಇದು: "ಈ ವಿಷಯದಲ್ಲಿ ಈಗ ಆಗುವ ನಿರ್ಧಾರ, ನಮಗೆ ಮೂವತ್ತು ವರ್ಷವಾದಾಗ ನಮ್ಮ ಬದುಕನ್ನು ಮುಟ್ಟುತ್ತದೆಯೇ?" ದೇವಸ್ಥಾನದ ಮುಂದಿನ ಚರಂಡಿಗೆ ಚಪ್ಪಡಿ ಬೇಕೆಂಬುದು ನ್ಯಾಯವಾದ ಬೇಡಿಕೆಯೇ, ಆದರೆ ಅದಕ್ಕೆ ಒಂದು ಅರ್ಜಿ ಸಾಕು. ಕೋಲಾರದ ಉದಾಹರಣೆ ನೋಡಿ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಆ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ್ದ ಕೆರೆಗಳು ತುಂಬಿದ್ದು ನಿಜ. ಎರಡು ಹಂತದ ಸಂಸ್ಕರಣೆ ಸಾಕೇ, ಮೂರನೆಯ ಹಂತವೂ ಬೇಕೇ ಎಂಬ ಚರ್ಚೆಯೂ ಅಷ್ಟೇ ನಿಜ. ಆ ಕೆರೆಗಳ ಅಂತರ್ಜಲವನ್ನು ಮುಂದಿನ ಐವತ್ತು ವರ್ಷ ಬಳಸಬೇಕಾದವರು ಇವತ್ತು ಪ್ರೌಢಶಾಲೆಯಲ್ಲಿರುವ ಮಕ್ಕಳು, ಆದ್ದರಿಂದ ಅಲ್ಲಿನ ಯುವಜನರು ತಮ್ಮ ಶಾಸಕರೊಂದಿಗೆ ಕುಳಿತು ಮಾತನಾಡಲೇಬೇಕಾದ ವಿಷಯ ಅದು. ಕರಾವಳಿಯಲ್ಲಿ ಇದೇ ಸ್ಥಾನ ಕಡಲ್ಕೊರೆತಕ್ಕೆ, ಬಯಲುಸೀಮೆಯಲ್ಲಿ ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುವ ಕೊಳವೆಬಾವಿಗೆ, ಮಲೆನಾಡಿನಲ್ಲಿ ಅಡಿಕೆ ತೋಟವನ್ನೇ ನಂಬಿದ ಬೇಸಾಯಕ್ಕೆ ಇರಬಹುದು.

ವಿಷಯ ಸಿಕ್ಕ ಮೇಲೆ ಅದನ್ನು ಪ್ರಶ್ನೆಯಾಗಿ ಕಟ್ಟಬೇಕು. ಪ್ರಶ್ನೆಗಳಲ್ಲಿ ಮೂರು ಬಗೆ. "ನಮ್ಮ ಪಂಚಾಯತಿಗೆ ಕಳೆದ ವರ್ಷ ಎಷ್ಟು ಹಣ ಬಂತು?" ಎಂಬುದು ಮಾಹಿತಿಯ ಪ್ರಶ್ನೆ. ಇದನ್ನು ಸಭೆಯಲ್ಲಿ ಕೇಳಬಾರದು, ಸಭೆಗೆ ಮೊದಲೇ ತಿಳಿದುಕೊಂಡು ಬರಬೇಕು. "ನಮ್ಮ ಕೆರೆಯಂಗಳದಲ್ಲಿ ಬಡಾವಣೆ ಮಾಡುವುದರ ಬಗ್ಗೆ ನಿಮ್ಮ ಅಭಿಪ್ರಾಯವೇನು?" ಎಂಬುದು ನಿಲುವಿನ ಪ್ರಶ್ನೆ. ಇದು ಎದುರಿಗಿರುವವರನ್ನು ತಮ್ಮ ಮನಸ್ಸಿನಲ್ಲಿರುವುದನ್ನು ಹೇಳುವಂತೆ ಮಾಡುತ್ತದೆ. "ಮುಂದಿನ ಕೆಡಿಪಿ ಸಭೆಯಲ್ಲಿ ಕೆರೆಯ ಗಡಿ ಗುರುತಿಸುವ ವಿಷಯವನ್ನು ಎತ್ತುತ್ತೀರಾ?" ಎಂಬುದು ಬದ್ಧತೆಯ ಪ್ರಶ್ನೆ. ಪ್ರತಿ ವಿಷಯಕ್ಕೂ ಒಂದು ನಿಲುವಿನ ಪ್ರಶ್ನೆ, ಒಂದು ಬದ್ಧತೆಯ ಪ್ರಶ್ನೆ ಇಟ್ಟುಕೊಳ್ಳುವುದು ಒಳ್ಳೆಯ ಹದ.

ಒಂದು ಬೇಡಿಕೆ ಪ್ರಶ್ನೆಯಾಗಿ ಬೆಳೆಯುವ ಬಗೆಯನ್ನು ಕಾಲ್ಪನಿಕ ಉದಾಹರಣೆಯಿಂದ ತೋರಿಸುತ್ತೇನೆ. ಮೊದಲು ಚೀಟಿಯಲ್ಲಿ ಬರೆದಿರುವುದು "ನಮ್ಮೂರಿಗೆ ಬಸ್ ಬಿಡಿ" ಎಂದಿರಲಿ. ತಂಡದವರು ಒಂದು ವಾರ ಬಸ್ ನಿಲ್ದಾಣದಲ್ಲಿ ನಿಂತು ಎಣಿಸಿದರು ಎಂದುಕೊಳ್ಳಿ. ಆಗ ಅದು ಹೀಗಾಗುತ್ತದೆ: "ಕಾಲೇಜಿನ ಪ್ರಯೋಗಾಲಯದ ತರಗತಿ ಸಂಜೆ 5ಕ್ಕೆ ಮುಗಿಯುತ್ತದೆ, ನಮ್ಮ ಊರಿನ ಕೊನೆಯ ಬಸ್ 4.40ಕ್ಕೆ ಹೊರಡುತ್ತದೆ. ಈ ಕಾರಣದಿಂದ ನಮ್ಮ ಊರಿನ ಹನ್ನೊಂದು ಹುಡುಗಿಯರಲ್ಲಿ ಏಳು ಜನ ವಿಜ್ಞಾನ ಬಿಟ್ಟು ಬೇರೆ ವಿಷಯ ತೆಗೆದುಕೊಂಡಿದ್ದಾರೆ. ಬಸ್ ಒಂದು ಗಂಟೆ ತಡವಾಗಿ ಹೊರಡುವಂತೆ ವಿಭಾಗೀಯ ನಿಯಂತ್ರಣಾಧಿಕಾರಿಗೆ ಈ ತಿಂಗಳೊಳಗೆ ಪತ್ರ ಬರೆಯುತ್ತೀರಾ, ಅದರ ಪ್ರತಿಯನ್ನು ನಮಗೆ ಕೊಡುತ್ತೀರಾ?" ಬಸ್ಸಿನ ಬೇಡಿಕೆಯಾಗಿದ್ದದ್ದು ಈಗ ಏಳು ಹುಡುಗಿಯರ ಮುಂದಿನ ಬದುಕಿನ ವಿಷಯವಾಗಿದೆ, ಮತ್ತು "ನೋಡೋಣ" ಎಂದು ಉತ್ತರಿಸುವುದು ಕಷ್ಟವಾಗಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಪ್ರಯಾಣ ಉಚಿತವಾಗಿದ್ದರೂ, ಹೊತ್ತಿಗೆ ಸರಿಯಾಗಿ ಬಸ್ಸೇ ಇಲ್ಲದ ಊರಿನ ಹುಡುಗಿಗೆ ಅದರ ಫಲ ಪೂರ್ತಿ ಸಿಗುವುದಿಲ್ಲ ಎಂಬ ಮಾತನ್ನೂ ಇಲ್ಲಿ ಸೇರಿಸಬಹುದು.

ಹಂತ 4: ಮಾಹಿತಿ ಸಂಗ್ರಹ

ಮೂರು ಕಡೆ ಹುಡುಕಿ. ಗ್ರಾಮ ಪಂಚಾಯತಿಗಳ ಸಭೆಗಳ ವಿವರ ಮತ್ತು ನಿರ್ಣಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಪಂಚತಂತ್ರ ಜಾಲತಾಣದಲ್ಲಿ ಸಿಗುತ್ತವೆ. ವಾರ್ಷಿಕ ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯನ್ನು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ನೋಡಬಹುದು. ಸದನದಲ್ಲಿ ಕೇಳಿದ ಪ್ರಶ್ನೆಗಳೂ ಅವಕ್ಕೆ ಸಚಿವರು ಕೊಟ್ಟ ಉತ್ತರಗಳೂ ವಿಧಾನಮಂಡಲದ ಜಾಲತಾಣದಲ್ಲಿ ಪ್ರಕಟವಾಗುತ್ತವೆ. ನಿಮ್ಮ ಶಾಸಕರು ನಿಮ್ಮ ವಿಷಯದ ಬಗ್ಗೆ ಹಿಂದೆಯೇ ಪ್ರಶ್ನೆ ಕೇಳಿದ್ದರೆ ಅದನ್ನು ಸಭೆಯಲ್ಲಿ ಮೊದಲು ಹೇಳಿ, ಅವರ ಶ್ರಮವನ್ನು ಗುರುತಿಸಿ, ನಂತರ ನಿಮ್ಮ ಪ್ರಶ್ನೆಗೆ ಬನ್ನಿ.

ಜಾಲತಾಣದಲ್ಲಿ ಸಿಗದ್ದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಉತ್ತರ ಕೊಡಲು 30 ದಿನಗಳ ಗಡುವು. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಬಹಳಷ್ಟು ಯುವಕರು ಹತ್ತು ವಿಷಯಗಳನ್ನು ಒಂದೇ ಹಾಳೆಯಲ್ಲಿ ತುಂಬಿ ಅರ್ಜಿ ತಿರಸ್ಕೃತವಾದಾಗ ನಿರಾಶರಾಗುತ್ತಾರೆ. ಮೂರು ವಿಷಯಕ್ಕೆ ಮೂರು ಅರ್ಜಿ ಹಾಕಿ. ಉತ್ತರಕ್ಕೆ ಒಂದು ತಿಂಗಳು ಬೇಕಾಗುವುದರಿಂದಲೇ ಇಡೀ ತಯಾರಿಗೆ ಎರಡು ತಿಂಗಳಿಗಿಂತ ಕಡಿಮೆ ಸಮಯ ಸಾಲದು ಎಂದು ಮೊದಲೇ ಹೇಳಿದ್ದು.

ಮೂರನೆಯ ಮೂಲ ನೀವೇ. ನಿಲ್ದಾಣದಲ್ಲಿ ನಿಂತು ಎಣಿಸಿದ್ದು, ಮನೆ ಮನೆಗೆ ಹೋಗಿ ಕೇಳಿದ್ದು, ಕೊಳವೆಬಾವಿಯ ಆಳವನ್ನು ಹತ್ತು ಮನೆಗಳಲ್ಲಿ ವಿಚಾರಿಸಿ ಬರೆದಿದ್ದು ಯಾವ ಕಚೇರಿಯ ಕಡತದಲ್ಲಿಯೂ ಇರುವುದಿಲ್ಲ. ಆದರೆ ಎಣಿಸಿದ ದಿನಾಂಕ, ಎಣಿಸಿದವರು ಮತ್ತು ಎಣಿಸಿದ ಕ್ರಮವನ್ನು ನೋಟುಪುಸ್ತಕದಲ್ಲಿ ದಾಖಲಿಸಿ. ಒಂದು ಅಂಕಿ ತಪ್ಪೆಂದು ಸಭೆಯಲ್ಲಿ ಸಾಬೀತಾದರೆ ಉಳಿದೆಲ್ಲವೂ ಸಂಶಯಕ್ಕೆ ಗುರಿಯಾಗುತ್ತದೆ.

ಹಂತ 5: ದಿನ, ಸ್ಥಳ, ಆಹ್ವಾನ

ರಾಜ್ಯದ ಆಯವ್ಯಯ ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಮಂಡನೆಯಾಗುತ್ತದೆ. ಗ್ರಾಮ ಪಂಚಾಯತಿಗಳ ಮುಂದಿನ ವರ್ಷದ ಯೋಜನೆ ಅಕ್ಟೋಬರ್ ನಂತರದ ತಿಂಗಳುಗಳಲ್ಲಿ ಸಿದ್ಧವಾಗುತ್ತದೆ. ಆದ್ದರಿಂದ ಸಂವಾದವನ್ನು ಅಕ್ಟೋಬರ್ ಮತ್ತು ಡಿಸೆಂಬರ್ ನಡುವೆ ಇಟ್ಟುಕೊಂಡರೆ ನಿಮ್ಮ ಮಾತು ಯೋಜನೆಯೊಳಗೆ ಸೇರುವ ಅವಕಾಶವಿರುತ್ತದೆ. ಅದೇ ಹೊತ್ತಿನಲ್ಲಿ ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ನಡೆಯುವುದರಿಂದ ಆ ದಿನಗಳನ್ನು ಮಾತ್ರ ಬಿಡಿ. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿರುವಾಗ ಇಂಥ ಸಭೆಯನ್ನು ಇಟ್ಟುಕೊಳ್ಳಬೇಡಿ. ಆಗ ಯಾವ ಜನಪ್ರತಿನಿಧಿಯೂ ಹೊಸ ಕೆಲಸದ ಭರವಸೆ ಕೊಡುವಂತಿಲ್ಲ, ಬಂದವರೆಲ್ಲ ಮತ ಕೇಳಲು ಬಂದವರೇ ಆಗಿರುತ್ತಾರೆ.

ಸ್ಥಳಕ್ಕೆ ಅರಿವು ಕೇಂದ್ರ, ಶಾಲೆಯ ಸಭಾಂಗಣ, ಸಮುದಾಯ ಭವನ ಯಾವುದೂ ಆಗಬಹುದು. ಗಾಲಿಕುರ್ಚಿ ಒಳಗೆ ಬರುವಂತಿರಬೇಕು, ಹುಡುಗಿಯರಿಗೆ ಶೌಚಾಲಯವಿರಬೇಕು, ಊರಿನ ಯಾವ ಜಾತಿಯವರೂ ಹಿಂಜರಿಯದೆ ಕಾಲಿಡುವ ಜಾಗವಾಗಿರಬೇಕು. ಕೆಲಸಕ್ಕೆ ಹೋಗುವವರಿಗಾಗಿ ಭಾನುವಾರ ಬೆಳಿಗ್ಗೆ 10ರ ಹೊತ್ತು ಸರಿಹೊಂದುತ್ತದೆ. ಸಂಜೆ ಇಟ್ಟುಕೊಂಡರೆ ದೂರದ ಹುಡುಗಿಯರು ಬರುವುದಿಲ್ಲ.

ಆಹ್ವಾನ ಪತ್ರ ಒಂದು ಪುಟದ್ದಿರಲಿ. ಸಂವಾದದ ಮೂರು ವಿಷಯಗಳು, ಸಮಯದ ಹಂಚಿಕೆ, ಹಾರ ತುರಾಯಿ ಇರುವುದಿಲ್ಲ ಎಂಬ ಮಾತು ಅದರಲ್ಲಿರಲಿ. ಪ್ರಶ್ನೆಗಳನ್ನು ಮೊದಲೇ ಕಳಿಸಬೇಕೇ ಎಂದು ಹಲವರು ಕೇಳುತ್ತಾರೆ. ಕಳಿಸಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅನಿರೀಕ್ಷಿತ ಪ್ರಶ್ನೆಯಿಂದ ಒಬ್ಬರನ್ನು ತಬ್ಬಿಬ್ಬುಗೊಳಿಸಬಹುದು, ಆದರೆ ತಬ್ಬಿಬ್ಬಾದವರು ಬದ್ಧತೆಯನ್ನು ಕೊಡುವುದಿಲ್ಲ, ಜಾರಿಕೊಳ್ಳುತ್ತಾರೆ. ಹತ್ತು ದಿನ ಮೊದಲು ಪ್ರಶ್ನೆ ಸಿಕ್ಕರೆ ಅವರು ಅಧಿಕಾರಿಗಳನ್ನು ವಿಚಾರಿಸಿಕೊಂಡು ಬರಬಹುದು. ಹಿಂದಿನ ಚುನಾವಣೆಯಲ್ಲಿ ಸೋತ ಪ್ರಮುಖ ಅಭ್ಯರ್ಥಿಗಳಿಗೂ ಆಹ್ವಾನ ಹೋಗಲಿ, ಅವರೂ ಭವಿಷ್ಯದ ಪಾಲುದಾರರೇ. ಆದರೆ ಅವರಿಗೆ ಪ್ರತ್ಯೇಕ ದಿನ ಕೊಡುವುದು ಉತ್ತಮ, ಒಂದೇ ವೇದಿಕೆಯಲ್ಲಿ ಕೂರಿಸಿದರೆ ಯುವಜನರ ಪ್ರಶ್ನೆಗಳು ಹಿಂದೆ ಸರಿದು ಅವರಿಬ್ಬರ ವಾಗ್ವಾದವೇ ಸಭೆಯಾಗುತ್ತದೆ.

ಹಂತ 6: ಪೂರ್ವಾಭ್ಯಾಸ

ಎರಡು ಸಲ ಅಭ್ಯಾಸ ಮಾಡಿ. ತಂಡದ ಒಬ್ಬರು ಶಾಸಕರ ಸ್ಥಾನದಲ್ಲಿ ಕುಳಿತು, ನಿಜವಾಗಿ ಬರಬಹುದಾದ ಜಾರಿಕೆಯ ಉತ್ತರಗಳನ್ನೇ ಕೊಡಬೇಕು: "ಹಿಂದಿನ ಸರ್ಕಾರ ಹಾಳು ಮಾಡಿತು", "ನಿಮ್ಮ ಅಪ್ಪನನ್ನು ಕೇಳು, ಅವರಿಗೆ ನಾನು ಗೊತ್ತು", "ಮೊದಲು ಚೆನ್ನಾಗಿ ಓದಿ, ಆಮೇಲೆ ಇದೆಲ್ಲ". ಪ್ರತಿಯೊಂದಕ್ಕೂ ಸೌಜನ್ಯ ಬಿಡದೆ ಪ್ರಶ್ನೆಗೆ ಮರಳುವ ಒಂದು ವಾಕ್ಯವನ್ನು ಸಿದ್ಧಪಡಿಸಿಕೊಳ್ಳಿ. "ಸರ್, ಅದು ಸರಿ, ಆದರೆ ನಮ್ಮ ಪ್ರಶ್ನೆ ಮುಂದಿನ ಮಾರ್ಚ್‌ನೊಳಗೆ ಏನಾಗುತ್ತದೆ ಎಂಬುದು" ಎಂದು ಹೇಳಲು ಹದಿನೆಂಟರ ಹುಡುಗಿಗೆ ಧೈರ್ಯ ಬೇಕು, ಧೈರ್ಯ ಬರುವುದು ಹೇಳಿ ಹೇಳಿ. ಪ್ರಶ್ನೆಯನ್ನು ಅವರವರ ಊರಿನ ಕನ್ನಡದಲ್ಲಿಯೇ ಕೇಳಲಿ. ತುಳು, ಬ್ಯಾರಿ, ಕೊಂಕಣಿ, ಲಂಬಾಣಿ, ಉರ್ದು ಮಾತನಾಡುವವರಿಗೆ ತಮ್ಮ ಭಾಷೆಯಲ್ಲಿಯೇ ಹೇಳಲು ಬಿಟ್ಟು, ಪಕ್ಕದವರು ಕನ್ನಡದಲ್ಲಿ ತಿಳಿಸಲಿ. ಬರೆದುಕೊಟ್ಟದ್ದನ್ನು ಓದಿಸುವುದು ಮಾತ್ರ ಬೇಡವೇ ಬೇಡ.

ಹಂತ 7: ಸಂವಾದದ ದಿನ

ಒಟ್ಟು ಸಮಯ ತೊಂಬತ್ತು ನಿಮಿಷ. ಸ್ವಾಗತಕ್ಕೆ ಐದು, ಪ್ರತಿ ವಿಷಯಕ್ಕೆ ಇಪ್ಪತ್ತೈದು, ಕೊನೆಯ ಹತ್ತು ನಿಮಿಷ ಒಪ್ಪಿಕೊಂಡದ್ದನ್ನು ಓದಲು. ನಮ್ಮ ಸಭೆಗಳಲ್ಲಿ ಪ್ರಾರ್ಥನೆ, ದೀಪ ಬೆಳಗುವುದು, ಹಾರ, ಶಾಲು, ನೆನಪಿನ ಕಾಣಿಕೆ, ಪ್ರಾಸ್ತಾವಿಕ ನುಡಿ, ವೇದಿಕೆಯ ಮೇಲಿನ ಎಲ್ಲ ಗಣ್ಯರ ಹೆಸರು ಇವುಗಳಿಗೇ ಮುಕ್ಕಾಲು ಗಂಟೆ ಹೋಗುತ್ತದೆ. ಅಷ್ಟರಲ್ಲಿ ಅತಿಥಿಯ ಮುಂದಿನ ಕಾರ್ಯಕ್ರಮದ ಸಮಯವಾಗಿರುತ್ತದೆ. ನಾನು ಕುಳಿತಿದ್ದ ಒಂದು ಸಭೆಯಲ್ಲಿ ಯುವಜನರ ಮೊದಲ ಪ್ರಶ್ನೆ ಬರುವ ಹೊತ್ತಿಗೆ ಅತಿಥಿ ಎದ್ದು ಹೊರಟಿದ್ದರು, ತಪ್ಪು ಅವರದಾಗಿರಲಿಲ್ಲ, ಕಾರ್ಯಕ್ರಮ ಪಟ್ಟಿಯದಾಗಿತ್ತು.

ವೇದಿಕೆ ಬೇಡ. ಎಲ್ಲರೂ ಒಂದೇ ಮಟ್ಟದಲ್ಲಿ ವೃತ್ತಾಕಾರವಾಗಿ ಕುಳಿತುಕೊಳ್ಳಿ. ಜನಪ್ರತಿನಿಧಿಯ ಜೊತೆ ಬರುವ ಬೆಂಬಲಿಗರಿಗೆ ಹೊರಗೆ ಚಹಾದ ವ್ಯವಸ್ಥೆ ಮಾಡಿ, ಒಳಗೆ ಇಬ್ಬರಿಗೆ ಮಾತ್ರ ಜಾಗ ಎಂದು ಮೊದಲೇ ವಿನಯದಿಂದ ತಿಳಿಸಿರಿ. ಹಿಂದೆ ಇಪ್ಪತ್ತು ಜನ ಕೈಕಟ್ಟಿ ನಿಂತಿರುವಾಗ ಯಾವ ಹುಡುಗನೂ ಮನಸ್ಸು ಬಿಚ್ಚಿ ಮಾತನಾಡಲಾರ, ಮರುದಿನ ತನ್ನ ಮನೆಯವರಿಗೆ ಯಾರು ಏನೆನ್ನುತ್ತಾರೋ ಎಂಬ ಅಂಜಿಕೆ ಅವನಿಗಿರುತ್ತದೆ. ಈ ಅಂಜಿಕೆಯನ್ನು ಹಗುರವಾಗಿ ಕಾಣಬೇಡಿ. ಸೂಕ್ಷ್ಮವಾದ ಪ್ರಶ್ನೆಯನ್ನು ಒಬ್ಬರ ಹೆಸರಿನಲ್ಲಿ ಕೇಳಿಸದೆ, ತಂಡದ ಪ್ರಶ್ನೆಯೆಂದು ನಿರ್ವಾಹಕರೇ ಕೇಳಲಿ.

ನಿರ್ವಾಹಕರಾಗಿ ಪಕ್ಷಗಳ ನಂಟಿಲ್ಲದ, ಮಾತನ್ನು ನಯವಾಗಿ ತಡೆಯಬಲ್ಲ ಒಬ್ಬರು ಬೇಕು. ಒಂದು ಉತ್ತರಕ್ಕೆ ನಾಲ್ಕು ನಿಮಿಷ ಎಂಬ ಮಿತಿ ಎಲ್ಲರಿಗೂ ಒಂದೇ. ಜನಪ್ರತಿನಿಧಿಗೂ ತಿರುಗಿ ಪ್ರಶ್ನಿಸುವ ಅವಕಾಶ ಕೊಡಿ: "ಕಸ ವಿಂಗಡಿಸಲು ನಿಮ್ಮ ಮನೆಯವರನ್ನು ಒಪ್ಪಿಸುತ್ತೀರಾ?" ಎಂದು ಅವರು ಕೇಳಿದರೆ ಅದಕ್ಕೂ ಬದ್ಧತೆಯ ಉತ್ತರ ಬರಬೇಕು. ಅವರು "ಇದು ನನ್ನಿಂದ ಆಗುವುದಿಲ್ಲ, ಕಾರಣ ಹೀಗಿದೆ" ಎಂದು ಪ್ರಾಮಾಣಿಕವಾಗಿ ಹೇಳಿದರೆ ಅದನ್ನು ಗೌರವದಿಂದ ಬರೆದುಕೊಳ್ಳಿ, ಕಾರಣಸಹಿತವಾದ ಇಲ್ಲ ಎಂಬ ಉತ್ತರ ನಿಮಗೆ ಮುಂದಿನ ಬಾಗಿಲು ಯಾವುದೆಂದು ತೋರಿಸುತ್ತದೆ.

ಹಂತ 8: ಸಂವಾದದ ನಂತರ

ಸಭೆಯ ಕೊನೆಯ ಹತ್ತು ನಿಮಿಷದಲ್ಲಿ ಒಪ್ಪಿಕೊಂಡ ಪ್ರತಿಯೊಂದು ಮಾತನ್ನೂ ಗಟ್ಟಿಯಾಗಿ ಓದಿ: ಯಾವ ಕೆಲಸ, ಯಾರು ಮಾಡುತ್ತಾರೆ, ಯಾವ ದಿನದೊಳಗೆ. ಜನಪ್ರತಿನಿಧಿಯೂ ಯುವಜನರ ಪರವಾಗಿ ಇಬ್ಬರೂ ಅದೇ ನೋಟುಪುಸ್ತಕದಲ್ಲಿ ಸಹಿ ಹಾಕಲಿ. ಸಹಿಗೆ ಅವರು ಒಪ್ಪದಿದ್ದರೆ ಒತ್ತಾಯಿಸಬೇಡಿ, ಓದಿ ಹೇಳಿದ್ದನ್ನು ಮೂರು ದಿನದೊಳಗೆ ಪತ್ರವಾಗಿ ಅವರ ಕಚೇರಿಗೆ ಕಳಿಸಿ ಸ್ವೀಕೃತಿ ಮುದ್ರೆ ಪಡೆಯಿರಿ. ಅದರ ಪ್ರತಿಯನ್ನು ಪಿಡಿಒಗೂ ಸಂಬಂಧಿಸಿದ ಇಲಾಖೆಯ ತಾಲ್ಲೂಕು ಅಧಿಕಾರಿಗೂ ಕೊಡಿ.

ನಂತರ ಮೂವತ್ತನೇ ದಿನ, ತೊಂಬತ್ತನೇ ದಿನ ಮತ್ತು ಆರು ತಿಂಗಳು ತುಂಬಿದ ದಿನ ವಿಚಾರಿಸಬೇಕು. ಪ್ರತಿ ಸಲ ವಿಚಾರಿಸುವವರು ಬೇರೆ ಬೇರೆ ಯುವಜನರಾಗಿದ್ದರೆ ಕಚೇರಿಯ ಮೆಟ್ಟಿ­ಲು ಹತ್ತುವ ಅಭ್ಯಾಸ ಎಲ್ಲರಿಗೂ ಆಗುತ್ತದೆ. ಕೆಲಸ ಆಗಿದ್ದರೆ ಅದನ್ನು ಸಾರ್ವಜನಿಕವಾಗಿ ಹೇಳಿ, ಅರಿವು ಕೇಂದ್ರದ ಫಲಕದಲ್ಲಿ ಬರೆಯಿರಿ. ಆಗದಿದ್ದರೆ ಕಾರಣವನ್ನು ಬರೆದುಕೊಳ್ಳಿ. ಗ್ರಾಮ ಸಭೆ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು, ಅದಕ್ಕೂ ಮೊದಲು ವಾರ್ಡ್ ಸಭೆ ಇರುತ್ತದೆ. ಹದಿನೆಂಟು ತುಂಬಿದವರು ಆ ಎರಡೂ ಸಭೆಗಳಿಗೆ ಹೋಗಿ, ಪಂಚಾಯತಿಗೆ ಸಂಬಂಧಿಸಿದ ಬಾಕಿ ವಿಷಯಗಳನ್ನು ನಿರ್ಣಯವಾಗಿ ದಾಖಲಿಸುವಂತೆ ಕೇಳಬಹುದು.

ಈ ನಡುವೆ ಮತದಾರರ ಪಟ್ಟಿಯ ಕೆಲಸವನ್ನೂ ಮುಗಿಸಿಕೊಳ್ಳಿ. ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳ ಮೊದಲ ದಿನಕ್ಕೆ ಹದಿನೆಂಟು ತುಂಬುವವರು ನಮೂನೆ 6ರಲ್ಲಿ ಹೆಸರು ಸೇರಿಸಬಹುದು, ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. 2023ರ ಮೇ ತಿಂಗಳಲ್ಲಿ ಆಯ್ಕೆಯಾದ ವಿಧಾನಸಭೆಯ ಅವಧಿ 2028ರಲ್ಲಿ ಮುಗಿಯುತ್ತದೆ. 2010ರ ಆರಂಭದಲ್ಲಿ ಹುಟ್ಟಿದ ಮಕ್ಕಳು ಆ ಹೊತ್ತಿಗೆ ಮತದಾರರಾಗಿರುತ್ತಾರೆ.

ಕೊನೆಯದಾಗಿ ನೋಟುಪುಸ್ತಕದ ಮಾತು. ತಂಡದಲ್ಲಿರುವ ಕಾಲೇಜು ವಿದ್ಯಾರ್ಥಿಗಳು ಎರಡು ವರ್ಷದಲ್ಲಿ ಕೆಲಸಕ್ಕೆಂದೋ ಮದುವೆಯಾಗಿಯೋ ಊರು ಬಿಡುತ್ತಾರೆ, ಅವರೊಂದಿಗೆ ನೆನಪೂ ಹೋಗುತ್ತದೆ, ಹೊಸಬರು ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಆದ್ದರಿಂದ ಪುಸ್ತಕವನ್ನು ಯಾರ ಮನೆಯಲ್ಲಿಯೂ ಇಡದೆ ಅರಿವು ಕೇಂದ್ರದ ಕಪಾಟಿನಲ್ಲಿ ಇಡಿ, ಮೊದಲ ಪುಟದಲ್ಲಿ ಮುಂದಿನ ಸಂವಾದದ ದಿನಾಂಕವನ್ನೂ ಅದರ ಹೊಣೆ ಹೊರುವ ಇಬ್ಬರ ಹೆಸರನ್ನೂ ಈಗಲೇ ಬರೆದಿಡಿ. ಆ ಇಬ್ಬರಲ್ಲಿ ಒಬ್ಬರಾದರೂ ಇನ್ನೂ ಪದವಿಪೂರ್ವ ತರಗತಿಯಲ್ಲಿರುವವರಾಗಿರಲಿ.